ಬದನಿಕೆ ಹಕ್ಕಿಯ ಲೆಕ್ಕ

"ಬದನಿಕೆ ಎರಡು. ಬರ್ಕೊಳ್ಳಿ ಸರ್," ಎಂದಳು ಮೈತ್ರಿ.

ಕರಿಯಣ್ಣ ಮುಚ್ಚಿದ್ದ ಕಣ್ಣು ತೆರೆದ. ತಮಾಷೆಗೂ ಒಂದು ಹೊತ್ತುಗೊತ್ತು ಬೇಡವೇ? ಭದ್ರಾವತಿಯ ಹಳೇ ಕ್ವಾರ್ಟರ್ಸಿನ ಈ ಸಾಲುಮರಗಳಲ್ಲಿ ಬದನಿಕೆ ಹಕ್ಕಿ ಕೂಗಿ ಆರು ವರ್ಷವಾಗಿತ್ತು. ಆರು ವರ್ಷದಿಂದ ಅದರ ಹೆಸರಿನ ಮುಂದೆ ಅವನೇ ತನ್ನ ಕೈಯಾರೆ ಸೊನ್ನೆ ಬರೆಯುತ್ತ ಬಂದಿದ್ದ.

"ಎಲ್ಲಿ ಮೇಡಂ?"

"ಅಯ್ಯೋ, ಇಲ್ಲೇ ತಲೆ ಮೇಲೆ. ಆವಾಗಿಂದ ಕೂಗ್ತಾನೇ ಇದ್ಯಲ್ಲ!"

ಅವಳು ತನ್ನ ಬೈನಾಕ್ಯುಲರ್ ಕೊಟ್ಟು ಕೈ ತೋರಿಸಿದಳು. ಮಾವಿನ ಕೊಂಬೆಗೆ ಹತ್ತಿಕೊಂಡಿದ್ದ ಬದನಿಕೆ ಗಿಡದ ಗೊಂಚಲಲ್ಲಿ ಹೆಬ್ಬೆರಳು ಗಾತ್ರದ ಬೂದು ಹಕ್ಕಿ ಕೂತಿತ್ತು. ಕೊಕ್ಕು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಗಂಟಲು ಅದುರುವುದೂ ಕಾಣಿಸಿತು. ಕರಿಯಣ್ಣನಿಗೆ ದೂರದ ಲಾರಿ ಕೇಳಿಸಿತು, ಕಾಗೆ ಕೇಳಿಸಿತು, ಯಾರದೋ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು ಕೇಳಿಸಿತು. ಹಕ್ಕಿ ಮಾತ್ರ ಕೇಳಿಸಲಿಲ್ಲ.

ಎಣಿಕೆಯ ಮುಂದಿನ ಜಾಗದಲ್ಲಿ ಅವಳು ಬೆಳ್ಗಣ್ಣ ಎಂಟು ಎಂದಳು, ಅದರಾಚೆ ಸೂರಕ್ಕಿ ಮೂರು ಎಂದಳು. ನಾಲ್ಕನೆಯ ಜಾಗಕ್ಕೆ ಬರುವಷ್ಟರಲ್ಲಿ ಕರಿಯಣ್ಣ "ಎಲ್ಲಿ" ಎಂದು ಕೇಳುವುದನ್ನು ಬಿಟ್ಟಿದ್ದ.

ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷ ನಟ್ಟು ಬೋಲ್ಟು ಎಣಿಸಿದ ಮನುಷ್ಯ ಅವನು. ಇದ್ದರೆ ಇದೆ ಅನ್ನು, ಇಲ್ಲದಿದ್ದರೆ ಸೊನ್ನೆ ಹಾಕು, ಅಂದಾಜು ಮಾತ್ರ ಬರೀಬೇಡ ಎನ್ನುವುದು ಅವನ ವೇದ. ಹಕ್ಕಿಗೂ ಅದೇ ವೇದ. ರಿಟೈರಾಗಿ ಶಿವಮೊಗ್ಗದ ಗೋಪಾಳಕ್ಕೆ ಮನೆ ಬದಲಾಯಿಸಿದ ಮೇಲೂ ಹದಿನೈದು ದಿನಕ್ಕೊಂದು ಭಾನುವಾರ ಮೊದಲ ಬಸ್ಸು ಹಿಡಿದು ಇಲ್ಲಿಗೆ ಬರುವುದು, ಹನ್ನೆರಡು ಜಾಗದಲ್ಲಿ ಹತ್ತತ್ತು ನಿಮಿಷ ನಿಂತು ಎಣಿಸುವುದು. ಇಪ್ಪತ್ತೆರಡು ವರ್ಷದಲ್ಲಿ ತಪ್ಪಿಸಿದ್ದು ಕೊರೊನಾ ಕಾಲದಲ್ಲಿ ಮಾತ್ರ. ಎಣಿಕೆಯೂ ಕಣ್ಣು ಮುಚ್ಚಿಕೊಂಡೇ ಆಗಬೇಕು. ಕಣ್ಣು ಒಂದೇ ಹಕ್ಕಿಯನ್ನು ಎರಡು ಸಲ ತೋರಿಸುತ್ತದೆ, ಕಿವಿ ಮೋಸ ಮಾಡುವುದಿಲ್ಲ ಎಂದು ಕೇಳಿದವರಿಗೆಲ್ಲ ಹೇಳಿಕೊಂಡು ಬಂದಿದ್ದ ಪುಣ್ಯಾತ್ಮ.

ಈಗ ಆ ಸಾಲುಮರಗಳನ್ನು ರಸ್ತೆ ಅಗಲ ಮಾಡಲು ಕಡಿಯುತ್ತೇವೆ ಎಂದು ನೋಟಿಸು ಅಂಟಿಸಿದ್ದರು. ಶಿವಮೊಗ್ಗದ ಕಾಲೇಜಿನಲ್ಲಿ ಪಾಠ ಮಾಡುವ ಮೈತ್ರಿ ತಕರಾರು ಅರ್ಜಿ ಹಾಕಿ, ಕರಿಯಣ್ಣನ ಲೆಕ್ಕವನ್ನೂ ಅದಕ್ಕೆ ಲಗತ್ತಿಸಿದ್ದಳು. ಇಷ್ಟು ಹಕ್ಕಿ ಇಲ್ಲವಾದದ್ದು ನೋಡಿಯಾದರೂ ಇವರ ಕರುಳು ಚುರುಕ್ ಅನ್ನಲಿ ಎಂಬ ಆಸೆ ಅವನಿಗೆ. ಆದದ್ದೇ ಬೇರೆ. ರಸ್ತೆಯ ಕಡೆಯವರು ಅದೇ ಪಟ್ಟಿಯನ್ನು ತಮ್ಮ ವರದಿಯಲ್ಲಿ ಅಚ್ಚು ಹಾಕಿಸಿ, ಕೆಳಗೆ ಒಂದು ಸಾಲು ಸೇರಿಸಿದ್ದರು: ಸ್ಥಳೀಯರ ದಾಖಲೆಯ ಪ್ರಕಾರವೇ ಇಲ್ಲಿ ಹಾಡುವ ಸಣ್ಣ ಹಕ್ಕಿಗಳು ಈಗಾಗಲೇ ಉಳಿದಿಲ್ಲ, ಮರ ತೆಗೆದರೆ ನಷ್ಟವಿಲ್ಲ. ಮಂಗಳವಾರ ಅಹವಾಲು ಸಭೆ. ಒಂದಾದರೂ ಸಿಗುತ್ತದೋ ನೋಡೋಣ ಎಂದು ಮೈತ್ರಿ ಇವತ್ತು ಮೊದಲ ಸಲ ಅವನ ಜೊತೆ ಬಂದಿದ್ದಳು.

"ಮಡಿವಾಳ ಹಕ್ಕಿ ಕಡಿಮೆಯಾಗಿರೋದು ಮಾತ್ರ ನಿಜ ಅನ್ಸುತ್ತೆ ಸರ್. ಇಲ್ಲೀವರೆಗೆ ನಂಗೂ ಮೂರೇ ಕೇಳಿದ್ದು."

"ಅನ್ಸುತ್ತೆ ಅಂದ್ರೆ ಆಗಲ್ಲ ಮೇಡಂ," ಎಂದ ಕರಿಯಣ್ಣ.

ಸೋಮವಾರ ಕಿವಿ ಡಾಕ್ಟರು ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿ, ವಯಸ್ಸಾದ ಮೇಲೆ ಸಣ್ಣ ಕೀಚಲು ಸ್ವರಗಳು ಮೊದಲು ಹೋಗ್ತಾವೆ, ಮಾತು ಕೇಳುತ್ತಲ್ಲ, ಹೆದರಬೇಡಿ ಎಂದರು.

"ಯಾವ ವರ್ಷದಿಂದ ಹೋಗಿರ್ಬೋದು ಡಾಕ್ಟ್ರೇ?"

"ಏಳೆಂಟು ವರ್ಷ ಆಗಿರ್ಬೋದು. ಹತ್ತೂ ಆಗಿರ್ಬೋದು."

"ಹಂಗಲ್ಲ, ಕರೆಕ್ಟಾಗಿ ಹೇಳಿ. ಯಾವ ವರ್ಷ, ಯಾವ ತಿಂಗಳು?"

ಡಾಕ್ಟರು ನಕ್ಕುಬಿಟ್ಟರು. ಕರಿಯಣ್ಣನಿಗೆ ಅವರ ಕಾಲು ಹಿಡಿಯುವುದೊಂದು ಬಾಕಿ. ಆ ತಿಂಗಳೊಂದು ಗೊತ್ತಾದರೆ ಅದರ ಹಿಂದಿನ ಲೆಕ್ಕವನ್ನಾದರೂ ಉಳಿಸಿಕೊಳ್ಳಬಹುದಿತ್ತು.

ಮನೆಯಲ್ಲಿ ಚೌಡಮ್ಮ ಸೊಪ್ಪು ಬಿಡಿಸುತ್ತಿದ್ದಳು. ಗಂಡ ವಿಷಯ ಹೇಳಿದಾಗ ಅವಳ ಕೈ ನಿಲ್ಲಲಿಲ್ಲ, ಮುಖದಲ್ಲಿ ಆಶ್ಚರ್ಯವೂ ಕಾಣಲಿಲ್ಲ. ಅದೇ ಅವನನ್ನು ಕೆಣಕಿತು.

"ನಿಂಗೆ ಮೊದ್ಲೇ ಗೊತ್ತಿತ್ತೇನೇ?"

"ನಿಮ್ಮ ವಾಚಿನ ಅಲಾರಂ ಬೆಳಿಗ್ಗೆ ಕುಂಯ್ಗುಟ್ಟಿದ್ರೆ ನಾನೇ ಎದ್ದು ಎಬ್ಬಿಸ್ತಿದ್ನಲ್ರೀ. ಯಾಕೆ ಅಂದ್ಕೊಂಡ್ರಿ?"

"ಎಷ್ಟು ವರ್ಷದಿಂದ?"

"ಅದನ್ನೆಲ್ಲ ಯಾರು ನೆನಪಿಟ್ಕೊಂತಾರೆ? ಕಿವುಡ ಅಂತ ಮುಖಕ್ಕೆ ಹೇಳಿದ್ರೆ ನೊಂದ್ಕೊಂತೀರಿ ಅಂತ ಸುಮ್ನಿದ್ದೆ."

"ಸುಮ್ನಿದ್ಯಾ? ನಾನು ಅಲ್ಲಿ ಹೋಗಿ ಸೊನ್ನೆ ಬರೀತಿದ್ನಲ್ಲ ಮಾರಾಯ್ತಿ! ಇರೋ ಹಕ್ಕೀನ ಇಲ್ಲ ಅಂತ ಬರೆದ್ನಲ್ಲ!"

ಚೌಡಮ್ಮ ಬೆಚ್ಚಿ ತಲೆ ಎತ್ತಿದಳು. "ನೀವು ಕಣ್ಣಲ್ಲಿ ನೋಡಿ ಎಣಿಸ್ತೀರಿ ಅಂದ್ಕೊಂಡಿದ್ದೆ ಕಣ್ರೀ. ಎಲ್ಲಾರೂ ಹಂಗೇ ಅಲ್ವಾ ಎಣಿಸೋದು?"

ಕರಿಯಣ್ಣ ನಡುಮನೆಗೆ ಹೋಗಿ ಇಪ್ಪತ್ತೆರಡು ನೋಟ್‌ಬುಕ್ಕುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟುಕೊಂಡು ಕೂತ. ಬೆಳ್ಗಣ್ಣ ಹದಿನಾಲ್ಕು, ಹನ್ನೊಂದು, ಏಳು, ಎರಡು, ಸೊನ್ನೆ. ಒಂದೊಂದು ಹಕ್ಕಿ ಕಡಿಮೆಯಾದಾಗಲೂ ಅವನಿಗೆ ಊಟ ಸೇರಿರಲಿಲ್ಲ. ಎಲ್ಲಿಯವರೆಗೆ ಹಕ್ಕಿ ಹೋದದ್ದು, ಎಲ್ಲಿಂದ ಕಿವಿ ಹೋದದ್ದು? ಎಷ್ಟು ಹಾಳೆ ತಿರುವಿದರೂ ಒಂದೇ ಅಕ್ಷರ, ಒಂದೇ ಶಾಯಿ, ಒಂದೇ ನಂಬಿಕೆ. ಸುಮ್ಮನಿದ್ದರೆ ಸೊನ್ನೆಗಳು ಮರಗಳನ್ನು ತಿನ್ನುತ್ತವೆ. ಬಾಯಿ ಬಿಟ್ಟರೆ ಈ ಇಪ್ಪತ್ತೆರಡು ಪುಸ್ತಕವೂ ರದ್ದಿ.

ಮಂಗಳವಾರ ಸಭೆಯಲ್ಲಿ ಅವನು ಎದ್ದು ನಿಂತ. ಇಡೀ ದಾರಿ ಬಾಯಿಪಾಠ ಮಾಡಿಕೊಂಡಿದ್ದ ಮಾತೆಲ್ಲ ಮರೆತುಹೋಗಿ ಇಷ್ಟೇ ಬಂತು:

"ಸ್ವಾಮಿ, ಆ ಸೊನ್ನೆಗಳು ಸುಳ್ಳು. ಹಕ್ಕಿ ಇದಾವೆ. ನಂಗೆ ಕಿವಿ ಕೇಳಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಭೆ ನಡೆಸುತ್ತಿದ್ದ ಅಧಿಕಾರಿ ನಗಲಿಲ್ಲ, ಕೆಟ್ಟ ಮನುಷ್ಯನೇನಲ್ಲ. ಪಟ್ಟಿಯ ಮೇಲೆ ಬೆರಳಾಡಿಸಿ ಮೆತ್ತಗೆ ಕೇಳಿದರು.

"ಮಡಿವಾಳ ಹಕ್ಕಿ ಮೂವತ್ತೊಂದರಿಂದ ಒಂಬತ್ತಕ್ಕೆ ಇಳಿದಿದೆ ಅಂತ ಬರೆದಿದ್ದೀರಿ. ಇಳಿದಿದ್ದು ಹಕ್ಕಿನೋ, ನಿಮ್ಮ ಕಿವಿನೋ?"

"ಅದು ಹಕ್ಕಿನೇ ಸ್ವಾಮಿ. ಅದರದು ದಪ್ಪ ದನಿ, ಇನ್ನೂ ಕೇಳುತ್ತೆ ನಂಗೆ. ಅದು ನಿಜವಾಗ್ಲೂ ಹೋಗ್ತಾ ಇದೆ."

"ಸಾಕ್ಷಿ?"

ಮೈತ್ರಿ ಎದ್ದು ಭಾನುವಾರ ತಾನು ಎಣಿಸಿದ್ದನ್ನು ಗಡಿಬಿಡಿಯಲ್ಲಿ ಓದಿದಳು.

"ಒಂದು ದಿನದ್ದು ಇಟ್ಕೊಂಡು ಏನ್ ಮಾಡ್ಲಿ ಮೇಡಂ?" ಎಂದರು ಅಧಿಕಾರಿ. "ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಅಂತ ಯಾವುದಕ್ಕೆ ಹೋಲಿಸಲಿ? ಇಷ್ಟು ವರ್ಷ ಇನ್ಯಾರಾದ್ರೂ ಎಣಿಸಿದ್ದಾರಾ?"

ಯಾರೂ ಎಣಿಸಿರಲಿಲ್ಲ. ಅಧಿಕಾರಿ ಎರಡೂ ಕಡೆಯ ಹಾಳೆಗಳಲ್ಲಿ ಹಕ್ಕಿಯ ಭಾಗಕ್ಕೆ ಅಡ್ಡಗೆರೆ ಎಳೆದರು. ಆಮೇಲೆ ಉಳಿದದ್ದು ರಸ್ತೆಯ ಅಗಲದ ಮಾತು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಕಾಲು ಗಂಟೆಯಲ್ಲಿ ನೂರಾ ನಲವತ್ತಾರು ಮರ ಕಡಿಯಲು ಒಪ್ಪಿಗೆ ಆಯಿತು.

ಚೌಡಮ್ಮ ಹೊರಗೆ ಕಾಂಪೌಂಡಿನ ಹೊಂಗೆ ಮರದ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಗಂಡನ ಮುಖ ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಮೈತ್ರಿ ಕಣ್ಣೊರೆಸಿಕೊಳ್ಳುತ್ತ ಗೇಟಿನಾಚೆ ಸ್ಕೂಟಿ ಹತ್ತಿ ಹೋದದ್ದನ್ನು ಕರಿಯಣ್ಣ ನೋಡಿದ.

"ಮೇಲೆ ಏನಾದ್ರೂ ಕೂಗ್ತಿದ್ಯೇನೇ?" ಎಂದು ಕೊನೆಗೆ ಕೇಳಿದ.

"ಹೂಂ. ಕೂಗ್ತಿದೆ."

"ಹೆಂಗೆ ಕೂಗ್ತಿದೆ?"

ಚೌಡಮ್ಮ ಸುತ್ತ ಒಮ್ಮೆ ನೋಡಿದಳು. ಜನ ಓಡಾಡುತ್ತಿದ್ದರು. ನಾಚಿಕೆಯಿಂದ ಸೆರಗು ಬಾಯಿಗೆ ಅಡ್ಡ ಹಿಡಿದು, ಅವನ ಕಿವಿಯ ಹತ್ತಿರ ಬಾಗಿ, "ಚಿಕ್, ಚಿಕ್, ಚಿಕ್" ಎಂದಳು. ಯಾವ ಹಕ್ಕಿಯೂ ಆಗಬಹುದಿತ್ತು, ಬದನಿಕೆಯೂ ಆಗಬಹುದಿತ್ತು. ಅವಳ ದನಿ ಅವನಿಗೆ ಚೆನ್ನಾಗಿಯೇ ಕೇಳಿಸಿತು.

"ಎಷ್ಟು ಇದಾವೆ?"

"ಎರಡು."

ಕರಿಯಣ್ಣನ ಕೈ ಜೇಬಿನ ಪೆನ್ನಿಗೆ ಹೋಯಿತು.

"ಇಲ್ಲ, ಮೂರು," ಎಂದಳು ಚೌಡಮ್ಮ. "ಅಗೋ, ಆಚೆ ಕೊಂಬೇಲಿ ಇನ್ನೊಂದು. ನಾಕು. ಐದು ಇದಾವೆ ಕಣ್ರೀ."

ಅವನು ಪೆನ್ನು ಹಿಡಿದುಕೊಂಡೇ ಅವಳ ಕಡೆ ತಿರುಗಿದ. ಅವಳು ಮರದತ್ತ ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ಅವನ ಮುಖದ ಮೇಲಿತ್ತು.

"ಆರು," ಎಂದಳು ಚೌಡಮ್ಮ.