ಶಹನಾಯಿಗೆ ಸಾಲದ ಉಸಿರು

ಲಕ್ಷ್ಮೇಶ್ವರದ ಮಾಶಾಕ ಮೂವತ್ತು ವರ್ಷ ಮದುವೆಗಳಲ್ಲಿ ಶಹನಾಯಿ ಊದಿದವನು. ಮೇಲಿನ ದವಡೆ ಹಲ್ಲಿನ ನೋವು ತಾಳಲಾರದೆ ಗದಗಕ್ಕೆ ಹೋಗಿ ಕೀಳಿಸಿಕೊಂಡು ಬಂದ. ಮರುದಿನ ಬಾಯಿಗಿಟ್ಟ ಚಹಾ ಮೂಗಿನಿಂದ ಇಳಿಯಿತು. ಗಾಬರಿಯಾಗಿ ಮತ್ತೆ ಡಾಕ್ಟರ ಬಳಿಗೆ ಓಡಿದ.

ಅವರು ಎಕ್ಸ್‌ರೇ ತೋರಿಸಿದರು. "ಗಲ್ಲದ ಎಲುಬಿನೊಳಗ ಗಾಳಿ ತುಂಬಿದ ಗೂಡು ಇರತೈತ್ರಿ, ಅದರ ದಾರಿ ಮೂಗಿಗೆ ಐತಿ. ನಿಮ್ಮ ಹಲ್ಲಿನ ಬೇರು ಅದರ ತಳಕ್ಕ ಹತ್ತಿತ್ತು. ಕೀಳೂವಾಗ ತಳಾನ ತೂತಾತು. ಹೊಲಿಗಿ ಹಾಕತೀನಿ, ಆದ್ರ ಎರಡು ತಿಂಗಳು ಊದಬ್ಯಾಡ್ರಿ."

ಮೂರನೆಯ ವಾರಕ್ಕೇ ಮಗಳು ರುಹಿಯ ನಿಕಾಹ್ ಇತ್ತು. ಹೆಂಡತಿ ಮೋತಿಬಿ ಊದುವುದು ಬೇಡವೆಂದು ಗೋಗರೆದಳು.

"ಊರ ಮಕ್ಕಳಿಗೆಲ್ಲ ಊದೀನಿ. ನನ್ನ ಮಗಳ ಮದುವ್ಯಾಗ ಸುಮ್ಮನ ಕುಂಡ್ರಲೇನ?" ಎಂದ ಮಾಶಾಕ, ನಿಕಾಹ್ ದಿನ ಶಹನಾಯಿಯನ್ನು ತುಟಿಗಿಟ್ಟ.

ಎರಡನೆಯ ಉಸಿರಿಗೇ ಹೊಲಿಗೆ ಹರಿಯಿತು. ಗಾಳಿಯೆಲ್ಲ ಮೂಗಿನಿಂದ ಸೋರಿ, ಸ್ವರ ಸತ್ತು, ಬಿಳಿ ಅಂಗಿಯ ಮೇಲೆ ರಕ್ತ ಬಿತ್ತು. ನೆರೆದವರು ತಲೆ ತಗ್ಗಿಸಿದರು. ಮುಸುಕಿನೊಳಗೆ ರುಹಿ ಬಿಕ್ಕುವುದು ಅವನಿಗೆ ಕೇಳಿಸಿತು.

ಆಮೇಲೆ ಎರಡು ಸಲ ಹೊಲಿದರೂ ಗಾಯ ಕೂಡಲಿಲ್ಲ. "ಇನ್ನ ಊದೂದು ಬಿಟ್ಟಬಿಡ್ರಿ," ಎಂದರು ಡಾಕ್ಟರು.

ಈಗಲೂ ಯಾರಾದರೂ ಮದುವೆಗೆ ಊದಲು ಕರೆಯಬಂದರೆ ಮೋತಿಬಿಯೇ ಬಾಗಿಲಲ್ಲಿ ನಿಂತು ಇಲ್ಲವೆಂದು ಹೇಳಿ ಕಳಿಸುತ್ತಾಳೆ. ಮಾಶಾಕ ಒಳಗೆ ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ.