ಬೀಗರ ಬೆನ್ನ ಹಿಂದೆ ಲಾರಿ

ಆ ವರ್ಷ ಯೊನ್‌ಸಿಲ್ ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಬಂದರು ಊರು ಗುನ್ಸಾನ್‌ನ ಹಳೇ ಪೇಟೆಯಲ್ಲಿ ಒಣಮೀನಿನ ಸಾಲು ಮುಗಿಯುವ ಕಡೆ ಅವಳ ಹೊಲಿಗೆ ಅಂಗಡಿ. ಪ್ಯಾಂಟಿನ ಅಂಚು ಮಡಿಸುವುದು, ಜಿಪ್ಪು ಬದಲಾಯಿಸುವುದು ವರ್ಷವಿಡೀ ಇದ್ದದ್ದೇ. ಅದರ ಜೊತೆಗೆ ಊರಿನ ಬೇಸ್‌ಬಾಲ್ ತಂಡ ಹೆರನ್ಸ್‌ನ ಜೆರ್ಸಿಗಳ ಬೆನ್ನಿಗೆ ಆಟಗಾರರ ಹೆಸರು ಹೊಲಿದು ಕೊಡುತ್ತಿದ್ದಳು. ಒಳ್ಳೆಯ ದಿನಗಳಲ್ಲಿ ಅದರಿಂದಲೇ ಅಂಗಡಿ ತುಂಬಿರುತ್ತಿತ್ತು. ಈಗ ಜನ ಜೆರ್ಸಿ ತಂದು ಮೇಜಿನ ಮೇಲೆ ಬಿಸಾಕಿ, ಇವನ ಹೆಸರು ಕಿತ್ತುಹಾಕಿ ಅಕ್ಕ, ಅನ್ನುತ್ತಿದ್ದರು. ಬದಲಿಗೆ ಯಾರ ಹೆಸರು ಹಾಕಲಿ ಎಂದು ಕೇಳಿದರೆ, ಯಾರದ್ದೂ ಬೇಡ, ಬೆನ್ನು ಖಾಲಿ ಇರಲಿ, ಎಂಬ ಉತ್ತರ.

ಹೆರನ್ಸ್ ಎಂದರೆ ಕೊಕ್ಕರೆಗಳು. ಮಿಕ್ಕ ತಂಡಗಳು ಆಡುತ್ತವೆ, ನಮ್ಮವು ಒಂಟಿ ಕಾಲಲ್ಲಿ ನಿಂತು ಚೆಂಡು ಹೋಗುವುದನ್ನು ನೋಡುತ್ತವೆ ಎಂದು ಒಣಮೀನಿನವರು ನಗುತ್ತಿದ್ದರು. ಯೊನ್‌ಸಿಲ್‌ಗೆ ನಗು ಬರುತ್ತಿರಲಿಲ್ಲ. ಸೋಲು ಅವಳಿಗೆ ಹೊಸದಲ್ಲ. ಲಂಗದ ವಯಸ್ಸಿನಿಂದ ಅಪ್ಪನ ಪಕ್ಕ ಕೂತು ಸೋಲು ನೋಡಿಯೇ ಬೆಳೆದವಳು. ಅವಳ ಹೊಟ್ಟೆ ಉರಿಯುತ್ತಿದ್ದುದು ಸೋಲುವ ರೀತಿಗೆ. ನೆಲದಲ್ಲಿ ಉರುಳಿ ಬರುವ ಚೆಂಡಿಗೆ ಮಂಡಿ ಬಗ್ಗಿಸುವವರಿಲ್ಲ. ಬೇಸ್ ಬಿಟ್ಟು ಓಡಿದವನ ಜಾಗಕ್ಕೆ ಇನ್ನೊಬ್ಬ ಬಂದು ನಿಲ್ಲುವುದಿಲ್ಲ. ಮೆಲ್ಲಗೆ ತಟ್ಟಿ ಒಬ್ಬನನ್ನು ಮುಂದಕ್ಕೆ ಕಳಿಸಬೇಕಾದ ಹೊತ್ತಿನಲ್ಲಿ ಪ್ರತಿಯೊಬ್ಬನೂ ಆಕಾಶ ಒಡೆಯುವವನ ಹಾಗೆ ಬ್ಯಾಟು ಬೀಸಿ, ಗಾಳಿಗೆ ಹೊಡೆದು, ತಲೆ ತಗ್ಗಿಸಿ ವಾಪಸು ಬರುತ್ತಾನೆ. ಹತ್ತು ವರ್ಷದ ಮಕ್ಕಳಿಗೆ ಕಲಿಸುವ ಪಾಠ ಇವು. ಊಟದ ಹೊತ್ತಿಗೆ ಸೌಟು ಹಿಡಿದೇ ಅವಳು ಅಡುಗೆಮನೆಯ ನೆಲದಲ್ಲಿ ಬಗ್ಗಿ ತೋರಿಸುತ್ತಿದ್ದಳು, ಹೀಗೆ, ಕೈ ಕೆಳಗಿಂದ ಮೇಲೆ ಬರಬೇಕು, ಎಂದು. ಸಿಟಿ ಬಸ್ಸು ಓಡಿಸಿ ದಣಿದು ಬಂದ ಗಂಡ ಗ್ವಾನ್‌ಸು ಸಾರು ಚೆಲ್ಲುತ್ತದೆ ಎಂದಷ್ಟೇ ಎಚ್ಚರಿಸುತ್ತಿದ್ದ.

ಈ ಎಲ್ಲದಕ್ಕೂ ಅವಳು ಹೊಣೆ ಮಾಡಿದ್ದು ಒಬ್ಬನನ್ನು. ಫೀಲ್ಡಿಂಗ್ ಕೋಚ್ ಕಿಮ್. ಬೇರೆ ಯಾರಾದರೂ ಆಗಿದ್ದರೆ ಅವಳಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ತನ್ನ ಕಾಲದಲ್ಲಿ ಆತ ಇದೇ ತಂಡದ ಶಾರ್ಟ್‌ಸ್ಟಾಪ್, ಎರಡನೇ ಮೂರನೇ ಬೇಸುಗಳ ನಡುವೆ ಒಂದು ಇರುವೆಯೂ ದಾಟದಂತೆ ಕಾದವನು. ಅವಳ ಜೆರ್ಸಿಯ ಬೆನ್ನ ಮೇಲೆ ಇದ್ದದ್ದು ಅವನದೇ ಹೆಸರು. ಮೇ ತಿಂಗಳಲ್ಲಿ ಒಂದು ಹೀನಾಯ ಪಂದ್ಯ ಮುಗಿದ ಮರುದಿನ ಅವಳು ಅದನ್ನೂ ಬಿಚ್ಚಿದಳು. ದಾರ ಹೋಯಿತು, ಸೂಜಿಯ ತೂತುಗಳು ಉಳಿದವು.

ಜೂನ್‌ನಲ್ಲಿ ಅಭಿಮಾನಿ ಬಳಗದವರು ಲಾರಿ ಗೊತ್ತುಮಾಡಿದರು. ದೊಡ್ಡ ಎಲೆಕ್ಟ್ರಾನಿಕ್ ಫಲಕ ಹೊತ್ತ ಲಾರಿ. ತಮ್ಮ ಸಿಟ್ಟನ್ನು ಅಕ್ಷರದಲ್ಲಿ ಓಡಿಸುತ್ತ ಗುರುವಾರದಿಂದ ಶನಿವಾರದವರೆಗೆ ಕ್ಲಬ್ಬಿನ ಕಚೇರಿಯಿಂದ ಬಸ್ ನಿಲ್ದಾಣದವರೆಗೆ ಸುತ್ತು ಹಾಕುವುದೆಂದು ತೀರ್ಮಾನವಾಯಿತು. ಫಲಕದ ಮೇಲೆ ಏನು ಬರೆಯಬೇಕೆಂದು ಎಲ್ಲರೂ ಒಂದೊಂದು ಸಾಲು ಕಳಿಸಿದರು, ಮತ ಹಾಕಿದರು. ಗೆದ್ದದ್ದು ಯೊನ್‌ಸಿಲ್‌ಳ ಸಾಲು: ‘ಚೆಂಡು ಕಾಲ ಸಂದಿಯಲ್ಲಿ ತಪ್ಪಿಸಿಕೊಳ್ಳುತ್ತದೆ, ಸಂಬಳ ಒಂದು ತಿಂಗಳೂ ತಪ್ಪಿಲ್ಲ. ಕಿಮ್ ಕೋಚ್, ಮನೆಗೆ ನಡೀರಿ.’

ಗುರುವಾರ ಸಂಜೆ ಅವಳು ಮಗಳಿಗೆ ಲಾರಿಯ ಫೋಟೋ ತೋರಿಸಿ, ಯಾರು ಬರೆದದ್ದು ಹೇಳು ನೋಡೋಣ, ಎಂದಳು. ದಾಸೊಲ್ ಹಲ್ಲಿನ ಆಸ್ಪತ್ರೆಯ ಕೆಲಸ ಮುಗಿಸಿ ಆಗ ತಾನೇ ಬಂದಿದ್ದಳು. ಶನಿವಾರ ಮಧ್ಯಾಹ್ನ ಬೀಗರ ಭೇಟಿ. ಬಂದರಿನ ಕಚೇರಿಯ ಹುಡುಗ ಇನ್‌ಹೋನ ಮನೆಯವರು, ಇವರು, ಎರಡೂ ಕಡೆಯವರು ಮೊದಲ ಸಲ ಎದುರುಬದುರು ಕೂತು ಊಟ ಮಾಡಿ ಮದುವೆಯ ದಿನ ಗೊತ್ತುಮಾಡುವುದಿತ್ತು. ಫೋಟೋ ನೋಡಿದ ದಾಸೊಲ್ ಚಪ್ಪಲಿ ಬಿಚ್ಚುತ್ತಿದ್ದವಳು ಹಾಗೇ ಬಾಗಿಲಲ್ಲಿ ಕೂತುಬಿಟ್ಟಳು.

"ಅಮ್ಮ, ಇನ್‌ಹೋ ಅಪ್ಪ ಇವರೇ."

ಯೊನ್‌ಸಿಲ್‌ಗೆ ಮೊದಲು ಅರ್ಥವಾಗಲಿಲ್ಲ. ಹುಡುಗನ ಮನೆತನ ಕಿಮ್ ಎಂದು ಗೊತ್ತಿತ್ತು. ಗಂಡನ ಬಸ್ಸಿನಲ್ಲಿ ಕಿಮ್ ಅಂತ ಕರೆದರೆ ಹಿಂದಿನ ಸೀಟಿನವರೆಗೂ ತಲೆಗಳು ತಿರುಗುತ್ತವೆ, ಅದರಲ್ಲಿ ಯಾವ ಕಿಮ್ ಎಂದು ಯಾರು ಕೇಳುತ್ತಾರೆ. ಹುಡುಗನ ತಂದೆಗೆ ಮೈದಾನದಲ್ಲಿ ಕೆಲಸ ಎಂದಿದ್ದಳು ಮಗಳು. ಹುಲ್ಲು ನೋಡಿಕೊಳ್ಳುವವರಿರಬೇಕು, ಬಿಸಿಲಲ್ಲಿ ದುಡಿಯುವ ಮನುಷ್ಯ, ಒಳ್ಳೆಯ ಮನೆತನ ಎಂದುಕೊಂಡಿದ್ದಳು ಇವಳು.

ಮೊದಲೇ ಹೇಳಲು ಏನಾಗಿತ್ತು ಎಂದು ಕೇಳಿದ್ದಕ್ಕೆ ದಾಸೊಲ್, ನೀನು ಆ ಹೆಸರು ಬಿಚ್ಚುತ್ತಿದ್ದಾಗ ಹೇಳಲೆಂದೇ ಬಾಯಿ ತೆರೆದಿದ್ದೆ, ನಿನ್ನ ಕೈಯಲ್ಲಿ ಬ್ಲೇಡಿತ್ತು, ಎಂದಳು. ಅದು ಹೋಗಲಿ, ಇನ್‌ಹೋನ ತಾಯಿ ನಿನ್ನೆಯಿಂದ ಊಟ ಬಿಟ್ಟಿದ್ದಾರಂತೆ. ಕ್ಲಬ್ಬಿನವರು ಲಾರಿಯ ಸುದ್ದಿಯನ್ನು ಅವರಿಗೆ ಮೊದಲೇ ಮುಟ್ಟಿಸಿದ್ದರು.

"ಆ ಸಾಲು ಬರೆದೋರು ಯಾರೇ ಆಗ್ಲಿ, ಅವರ ಮನೇಲಿ ಒಂದು ಲೋಟ ನೀರು ಕುಡಿಯಲ್ಲ ಅಂದಿದಾರಮ್ಮ," ಎಂದು ದಾಸೊಲ್ ಅತ್ತಳು. "ನೀರೇ ಕುಡಿಯದವರು ಹೆಣ್ಣು ತಗೊಂಡು ಹೋಗ್ತಾರಾ?"

ಶುಕ್ರವಾರ ಯೊನ್‌ಸಿಲ್ ಬಳಗದ ಮುಖ್ಯಸ್ಥನಿಗೆ ಫೋನು ಮಾಡಿ ಸಾಲು ಬದಲಾಯಿಸಲು ಬೇಡಿಕೊಂಡಳು. ಆತ, ಜನ ಆರಿಸಿದ ಸಾಲನ್ನು ತೆಗೆಯಲು ನನಗೇನು ಹಕ್ಕಿದೆ ಅಕ್ಕ, ಅದೂ ಇಷ್ಟು ಒಳ್ಳೇ ಸಾಲು, ಎಂದ. ಗ್ವಾನ್‌ಸು ಮಾತ್ರ ಎಂದಿನಂತೆ ಸಮಾಧಾನವಾಗಿದ್ದ. ಶನಿವಾರ ಹೊರಡುವಾಗ ಟೈ ಬಿಗಿದುಕೊಳ್ಳುತ್ತ ಅವಳಿಗೆ ಒಂದೇ ಮಾತು ಹೇಳಿದ:

"ನೋಡು ದಾಸೊಲ್ ಅಮ್ಮ. ಬೇಸ್‌ಬಾಲ್ ಅನ್ನೋದು ಇವತ್ತು ನಿನ್ನ ಬಾಯಲ್ಲಿ ಬರಬಾರದು. ಚೆಂಡು ಅಂತಾನೂ ಬೇಡ. ದುಂಡಗಿರೋ ಯಾವುದರ ಮಾತೂ ಬೇಡ."

ಹೋಟೆಲು ಗೊತ್ತುಮಾಡಿದ್ದು ಹುಡುಗನ ಕಡೆಯವರು. ಮೊದಲ ಮಹಡಿಯ ಪ್ರತ್ಯೇಕ ಕೋಣೆ, ಒಂದಿಡೀ ಗೋಡೆಯಷ್ಟು ಕಿಟಕಿ, ಆಚೆ ರಸ್ತೆ, ಅದರಾಚೆ ಸಮುದ್ರ. ಕೂತ ಮೇಲೆಯೇ ಯೊನ್‌ಸಿಲ್‌ಗೆ ತಿಳಿದದ್ದು, ಆ ರಸ್ತೆ ಕ್ಲಬ್ಬಿನ ಕಚೇರಿಯಿಂದ ಬಸ್ ನಿಲ್ದಾಣಕ್ಕೆ ಹೋಗುವ ರಸ್ತೆ ಎಂದು. ಲಾರಿ ಈ ದಾರಿಯಲ್ಲೇ ಹೋಗಲಿ ಎಂದು ಬಳಗದ ಸಭೆಯಲ್ಲಿ ಕೈ ಎತ್ತಿದವರಲ್ಲಿ ಅವಳೂ ಒಬ್ಬಳು.

ಕಿಮ್ ಕೋಚ್ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ಟಿವಿಯಲ್ಲಿ ಕಾಣುವುದಕ್ಕಿಂತ ಸಣ್ಣ ಆಳು. ಬಿಸಿಲಿಗೆ ಕಂದಿದ ಕುತ್ತಿಗೆ, ಚೆಂಡು ತಾಗಿ ತಾಗಿ ಸೊಟ್ಟಗಾದ ಬೆರಳುಗಳು. ಆ ಬೆರಳುಗಳಿಂದಲೇ ಎರಡು ಕೈಯಲ್ಲಿ ಹಿಡಿದು ಗ್ವಾನ್‌ಸುಗೆ ಮಕ್ಕೊಲ್ಲಿ ಎಂಬ ಅಕ್ಕಿಯ ಹೆಂಡ ಬಗ್ಗಿಸಿದರು. ಅವರ ಹೆಂಡತಿ ಬೂದು ರೇಷ್ಮೆಯ ಕುಪ್ಪಸದಲ್ಲಿ ನೆಟ್ಟಗೆ ಕೂತು ಅನ್ನದ ಅಗುಳನ್ನು ಚಾಪ್‌ಸ್ಟಿಕ್ಕಿನಲ್ಲಿ ಅತ್ತ ಇತ್ತ ಸರಿಸುತ್ತಿದ್ದರು. ಬಿಸಿಲು, ಬಂದರು, ಈ ಸಲದ ಮೀನು, ಹೀಗೆ ಮಾತು ಸದ್ದಾಗದ ಹಾಗೆ ಕಾಲ್ಬೆರಳ ತುದಿಯಲ್ಲಿ ನಡೆದಿತ್ತು.

ಅಷ್ಟರಲ್ಲಿ ಅದು ಬಂತು. ಬಿಸಿಲಲ್ಲೂ ಕಣ್ಣು ಕುಕ್ಕುವ ಕೆಂಪು ಅಕ್ಷರ, ನಡಿಗೆಯ ವೇಗ. ಚೆಂಡು ಕಾಲ ಸಂದಿಯಲ್ಲಿ. ಯೊನ್‌ಸಿಲ್ ಎದ್ದು, ಬಿಸಿಲು ಕಣ್ಣಿಗೆ ಬೀಳುತ್ತೆ, ಎನ್ನುತ್ತ ಕಿಟಕಿಯ ಪರದೆಯ ದಾರ ಎಳೆದಳು. ಪರದೆ ಅರ್ಧಕ್ಕೆ ಇಳಿದು ಸಿಕ್ಕಿಕೊಂಡಿತು. ಮೇಲಿನ ಸಾಲು ಮರೆಯಾಯಿತು. ಕೆಳಗಿನದು, ‘ಕಿಮ್ ಕೋಚ್, ಮನೆಗೆ ನಡೀರಿ’ ಎಂಬುದು, ಚೌಕಟ್ಟು ಹಾಕಿದ ಹಾಗೆ ಇನ್ನೂ ಚೆನ್ನಾಗಿ ಕಂಡಿತು. ಏಡಿಯ ತಟ್ಟೆ ತಂದ ಹೋಟೆಲಿನ ಯಜಮಾನಿ, ಸಮುದ್ರ ನೋಡಲಿಕ್ಕೇ ಅಲ್ಲವೇ ಈ ಕೋಣೆ, ಎಂದು ಪರದೆಯನ್ನು ಪೂರ್ತಿ ಮೇಲೆತ್ತಿ ಹೋದಳು.

ಕೋಚ್ ಹಿಂತಿರುಗಿ ನೋಡಲಿಲ್ಲ. ಬೀಗರು ಬೇಸ್‌ಬಾಲ್ ನೋಡುತ್ತೀರಾ ಎಂದು ಮೆಲ್ಲಗೆ ಕೇಳಿದರು.

"ಇಲ್ಲಪ್ಪ," ಎಂದ ಗ್ವಾನ್‌ಸು. "ನಮಗೆ ಸ್ಟೇಡಿಯಂ ಎಲ್ಲಿದೆ ಅಂತಾನೂ ಗೊತ್ತಿಲ್ಲ."

ಅವನ ಬಸ್ಸಿನ ಕೊನೆಯ ನಿಲ್ದಾಣವೇ ಸ್ಟೇಡಿಯಂ. ಇನ್‌ಹೋ ಕೆಮ್ಮಿದ. ದಾಸೊಲ್ ಸಾರಿನ ಬಟ್ಟಲಿನೊಳಗೆ ಮುಖ ಇಟ್ಟಳು.

ಕೋಚ್ ತಲೆಯಾಡಿಸಿ, ಈಚೆಗೆ ತಂಡಕ್ಕೆ ಗ್ರಹಚಾರ ಸರಿಯಿಲ್ಲ, ಎಂದರು. ಮೊನ್ನೆ ಬುಧವಾರ ನಮ್ಮ ಶಾರ್ಟ್‌ಸ್ಟಾಪ್ ಹುಡುಗನ ಕಾಲ ಸಂದಿಯಲ್ಲಿ ಚೆಂಡು ಹೋಯಿತು, ಪಂದ್ಯವೂ ಹೋಯಿತು. ಪಾಪ, ಅವನ ತಪ್ಪೇನಿಲ್ಲ, ನೆಲದಲ್ಲಿ ಕಲ್ಲಿತ್ತು, ಪುಟಿತವೇ ಕೆಟ್ಟದಾಗಿ ಬಂತು.

ಯೊನ್‌ಸಿಲ್‌ಳ ಕೈಯಲ್ಲಿದ್ದ ಏಡಿಯ ಕಾಲು ಲಟಕ್ಕೆಂದು ಮುರಿಯಿತು. ಗ್ವಾನ್‌ಸು ಮೇಜಿನಡಿ ಅವಳ ಪಾದ ಒತ್ತಿದ. ಅವಳು ತುಟಿ ಕಚ್ಚಿದಳು. ಮಗಳನ್ನು ನೋಡಿದಳು. ಆದರೂ ಅದು ಹೊರಗೆ ಬಂದೇ ಬಂತು.

"ಕಲ್ಲಿರ್ಲಿಲ್ಲ."

ಕೋಣೆಯಲ್ಲಿ ಎಲ್ಲರ ಚಾಪ್‌ಸ್ಟಿಕ್ಕುಗಳೂ ನಿಂತವು.

"ಪುಟಿತ ನೆಟ್ಟಗೇ ಬಂತು," ಎಂದಳು ಯೊನ್‌ಸಿಲ್. ಇನ್ನು ಅವಳನ್ನು ಹಿಡಿಯುವವರಿರಲಿಲ್ಲ. "ಮಂಡಿ ಬಗ್ಗಲಿಲ್ಲ ಅವನದು. ಗ್ಲವ್ ಮೇಲೆ ಇಟ್ಕೊಂಡು ಕಾದ. ಚೆಂಡು ಬಂದಮೇಲೆ ಕೆಳಗೆ ಇಳಿಸಿದ್ರೆ ಏನು ಸಿಗುತ್ತೆ?"

ಕೋಚ್ ಅವಳನ್ನೇ ನೋಡಿದರು. ಆಮೇಲೆ ಏಡಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಎರಡು ಚಮಚಗಳನ್ನು ಕಾಲುಗಳಂತೆ ಮೇಜಿನ ಮೇಲೆ ಇಟ್ಟು, ಹುರಿದ ಕಡಲೆಬೀಜ ಒಂದನ್ನು ಅವುಗಳ ಕಡೆಗೆ ಉರುಳಿಸಿದರು.

"ಮಂಡಿ ಆಮೇಲಿನ ಮಾತು ಬೀಗಿತ್ತಿ. ಹೆಜ್ಜೆ ನೋಡಿ. ಚೆಂಡು ಬ್ಯಾಟಿಗೆ ತಾಗೋ ಹೊತ್ತಿಗೆ ಅವನ ಎರಡೂ ಪಾದ ನೆಲದಲ್ಲಿ ನೆಟ್ಟಿತ್ತು. ಒಂದು ಸಣ್ಣ ಹೆಜ್ಜೆ ಮುಂದೆ ಇಟ್ಟಿದ್ರೆ ಮಂಡಿ ತಾನಾಗೇ ಬಗ್ಗೋದು."

ಯೊನ್‌ಸಿಲ್ ಕಡಲೆಬೀಜವನ್ನು ಎತ್ತಿ ತಾನೊಮ್ಮೆ ಉರುಳಿಸಿ ನೋಡಿದಳು. ಹೌದು. ಇಷ್ಟು ದಿನ ಸೌಟು ಹಿಡಿದು ತಾನು ಬಗ್ಗಿ ತೋರಿಸಿದ್ದರಲ್ಲಿ ಹೆಜ್ಜೆಯೇ ಇರಲಿಲ್ಲ. ಹಾಗಾದರೆ ಕಲ್ಲಿನ ಕಥೆ ಯಾಕೆ ಹೇಳಿದಿರಿ ಎಂದು ಕೇಳಿದಳು. ಅದು ಪತ್ರಿಕೆಯವರಿಗೆ ಹೇಳುವ ಮಾತು, ಹುಡುಗನ ಹೆಸರು ಕೆಡಬಾರದಲ್ಲ, ಎಂದರು ಕೋಚ್. ಅತ್ತೆಯಾಗುವವರಿಗೆ ಬೇಸ್‌ಬಾಲ್ ಹುಚ್ಚು ಎಂದು ಇನ್‌ಹೋ ಹೇಳಿದ್ದನಂತೆ. ಅಂಥವರು ಇಷ್ಟು ಹೊತ್ತು ಹವಾಮಾನ ಮಾತಾಡುತ್ತ ಕೂತದ್ದು ನೋಡಿ ಕೋಚ್‌ಗೇ ಹೆದರಿಕೆಯಾಗಿತ್ತಂತೆ. ಅದಕ್ಕೇ ಸುಮ್ಮನೆ ಕೆಣಕಿ ನೋಡಿದರು.

ಆಗ ಲಾರಿ ಮತ್ತೆ ಬಂತು. ಈ ಸಲ ಯೊನ್‌ಸಿಲ್ ಪರದೆಯ ಕಡೆ ಹೋಗಲಿಲ್ಲ. ಚಮಚ ಇಟ್ಟು ಕಡಲೆಬೀಜ ಉರುಳಿಸಿದ ಮನುಷ್ಯನ ಎದುರು ಬಾಯಿ ಮುಚ್ಚಿ ಕೂತು, ಮಗಳನ್ನು ಆ ಮನೆಗೆ ಕಳಿಸಿ, ಮುಂದೆ ಎಂದೋ ಯಾರೋ ಹೇಳಿ ಗೊತ್ತಾದರೆ? ಅದನ್ನು ದಾಸೊಲ್ ಒಬ್ಬಳೇ ಎದುರಿಸಬೇಕಾಗುತ್ತದೆ.

"ಅದನ್ನ ಬರೆದದ್ದು ನಾನೇ," ಎಂದಳು.

ದಾಸೊಲ್ ಕಣ್ಣು ಮುಚ್ಚಿದಳು. ಇನ್‌ಹೋನ ತಾಯಿ ಚಾಪ್‌ಸ್ಟಿಕ್ಕು ಕೆಳಗಿಟ್ಟರು. ಕೋಚ್ ಮೊದಲ ಬಾರಿಗೆ ಕಿಟಕಿಯ ಕಡೆ ತಿರುಗಿದರು. ಲಾರಿ ಮೂಲೆಯಲ್ಲಿ ಮರೆಯಾಗುವವರೆಗೂ, ಮೊದಲ ಅಕ್ಷರದಿಂದ ಕೊನೆಯದರವರೆಗೆ ಓದಿದರು. ಅವರ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದೇ ಯೊನ್‌ಸಿಲ್ ಅಂದುಕೊಂಡಳು. ತಿರುಗಿದಾಗ ನಗುತ್ತಿದ್ದರು.

ಎರಡು ವರ್ಷದಿಂದ ಕಚೇರಿಯವರಿಗೆ ಹೇಳಿ ಹೇಳಿ ಸಾಕಾಗಿತ್ತು, ಎಂದರು. ಬ್ಯಾಟು ಬೀಸುವ ವೇಗ ಅಳೆಯಲು ಹೊಸ ಹೊಸ ಯಂತ್ರ ಬರುತ್ತಿದ್ದವು, ನೆಲದ ಚೆಂಡು ಹಿಡಿಸಲು ಬೆಳಗಿನ ಒಂದು ಹೊತ್ತು ಬಿಟ್ಟುಕೊಡಿ ಎಂದರೆ ಕೊಡುತ್ತಿರಲಿಲ್ಲ. ನಿನ್ನೆ ಲಾರಿ ಕಚೇರಿಯ ಮುಂದೆ ನಿಂತಾಗ ಮೊದಲ ಸಲ ಕರೆದು, ನಿಮಗೇನು ಬೇಕು ಕಿಮ್ ಎಂದು ಕೇಳಿದರು. ಮಂಗಳವಾರದಿಂದ ಬೆಳಗಿನ ಹೊತ್ತು ನನ್ನದು, ಒಬ್ಬೊಬ್ಬನಿಗೂ ಒಂದು ಬಕೆಟ್ ಚೆಂಡು. "ಮನೆಗೆ ಕಳಿಸೋ ವಿಚಾರ ಮಾತ್ರ ಅವರು ಎತ್ತಲಿಲ್ಲ," ಎಂದು ಹೆಂಡತಿಯ ಕಡೆ ನೋಡಿದರು. "ಇವಳಿಗೂ ಸಂಜೆ ಹೇಳಿದೆ. ಇವಳ ಕೋಪ ಇಳೀಲಿಲ್ಲ."

ಎಲ್ಲರೂ ಆಕೆಯನ್ನು ನೋಡಿದರು. ಆಕೆ ಯೊನ್‌ಸಿಲ್‌ಳನ್ನು ತಲೆಯಿಂದ ಕಾಲಿನವರೆಗೆ ಅಳೆದರು.

"ಮೂರು ದಿನದಿಂದ ಮುಖ ಗೊತ್ತಿಲ್ಲದೆ ಬಯ್ತಾ ಇದ್ದೆ," ಎಂದರು. "ಬಯ್ಗುಳಕ್ಕೆ ರುಚಿಯೇ ಇರ್ಲಿಲ್ಲ. ಇನ್ಮೇಲೆ ಬೀಗಿತ್ತಿ ಅಂತ ಹೆಸರಿಟ್ಟು ಬಯ್ತೀನಿ." ಹಾಗೆಂದು ತನ್ನ ಮುಂದಿದ್ದ ಖಾಲಿ ಲೋಟವನ್ನು ಯೊನ್‌ಸಿಲ್‌ಳ ಕಡೆ ಚಾಚಿದರು. "ನೀರು ಹಾಕಿ. ಏಡಿ ಉಪ್ಪು ಜಾಸ್ತಿ."

ಯೊನ್‌ಸಿಲ್ ಎರಡು ಕೈಯಲ್ಲೂ ಹೂಜಿ ಹಿಡಿದು ಬಗ್ಗಿಸಿದಳು. ಸ್ವಲ್ಪ ನೀರು ರೇಷ್ಮೆಯ ತೋಳಿನ ಮೇಲೆ ಚೆಲ್ಲಿತು. ಆಕೆ ತೋಳು ಕೊಡವಿ ಲೋಟ ಪೂರ್ತಿ ಕುಡಿದು, ಆ ದಿನ ಮೊದಲ ಬಾರಿಗೆ ಒಂದು ತುತ್ತು ಅನ್ನ ಬಾಯಿಗಿಟ್ಟರು. ಗ್ವಾನ್‌ಸು ಮೇಜಿನಡಿ ಒತ್ತಿ ಹಿಡಿದಿದ್ದ ಹೆಂಡತಿಯ ಪಾದವನ್ನು ಆಗ ಬಿಟ್ಟ.

ಹಣ್ಣು ಬಂದಾಗ ದಿನದ ಮಾತು ಬಂತು. ತಂಡದವರ ಮನೆಗಳಲ್ಲಿ ಮದುವೆಗಳು ನಡೆಯುವುದು ಚಳಿಗಾಲದಲ್ಲೇ, ಆಟ ಪೂರ್ತಿ ಮುಗಿದ ಮೇಲೆ. ಅಕ್ಟೋಬರ್ ಎಂದರೆ ಗೆದ್ದ ತಂಡಗಳು ಉಳಿದು ಆಡುವ ತಿಂಗಳು, ಆಗ ಯಾರೂ ದಿನ ಇಡುವುದಿಲ್ಲ. ಆದರೆ ಮಕ್ಕಳಿಬ್ಬರಿಗೂ ಶರತ್ಕಾಲದ ಬಿಸಿಲಲ್ಲಿ ಮದುವೆಯಾಗುವ ಆಸೆ. ಕೋಚ್ ಒಂದು ಕ್ಷಣ ಯೋಚಿಸಿ, ಅಕ್ಟೋಬರ್‌ನಲ್ಲೇ ಇಡಿ, ಎಂದರು. ಈ ವರ್ಷ ನನಗೆ ಆ ತಿಂಗಳು ಪೂರ್ತಿ ಬಿಡುವು, ಯಾವ ಅಪಾಯವೂ ಇಲ್ಲ. ಎಲ್ಲರೂ ನಕ್ಕರು. ದಾಸೊಲ್‌ಳ ಮುಖ ಅರಳಿತು.

ಯೊನ್‌ಸಿಲ್ ನಗಲಿಲ್ಲ. ಉಳಿದ ಪಂದ್ಯಗಳು ಎಷ್ಟು, ಮುಂದಿರುವ ತಂಡಗಳು ಯಾವುವು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮಂಗಳವಾರದಿಂದ ಬೆಳಗಿನ ಅಭ್ಯಾಸ. ಒಬ್ಬೊಬ್ಬನಿಗೂ ಒಂದು ಬಕೆಟ್. ಹೆಜ್ಜೆ ಮುಂದೆ ಬಂದರೆ ಮಂಡಿ ತಾನಾಗೇ ಬಗ್ಗುತ್ತದೆ.

"ನವೆಂಬರ್ ಕೊನೇಲಿ ಇಡೋಣ," ಎಂದಳು ಅವಳು ತಟ್ಟೆ ನೋಡುತ್ತ. "ಹೇಳೋಕ್ಕಾಗಲ್ಲ."

"ಅಮ್ಮ," ಎಂದಳು ದಾಸೊಲ್, ಸೋತ ದನಿಯಲ್ಲಿ. ಆದರೆ ಅವಳೂ ನಗುತ್ತಿದ್ದಳು.

ಕೋಚ್ ಮಕ್ಕೊಲ್ಲಿಯ ಕೆಟಲು ಎತ್ತಿ, ಸೊಟ್ಟ ಬೆರಳುಗಳ ಎರಡೂ ಕೈಯಲ್ಲಿ ಹಿಡಿದು, ಬೀಗಿತ್ತಿಯ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದರು.