ಎಷ್ಟು ಹೇರಿದರೂ ಎಳೆದೆ

ನನ್ನ ಮೊದಲ ನೆನಪು ಬೆಂಕಿಯದು. ಕರಗಿದ ಕಬ್ಬಿಣವಾಗಿದ್ದ ನನ್ನನ್ನು ಮರಳಿನ ಅಚ್ಚಿಗೆ ಸುರಿದರು. ಆರಿದ ಮೇಲೆ ಮರಳು ಕೊಡವಿ ಹೊರಗೆ ತೆಗೆದರು, ಒರಟು ಮೈಯನ್ನು ಉಜ್ಜಿದರು, ನಾಲ್ಕು ಕಡೆ ದುಂಡಗೆ ಕೊರೆದು ಒಳಗೋಡೆಯನ್ನು ಕನ್ನಡಿಯಂತೆ ನುಣುಪು ಮಾಡಿದರು. ಆ ನಾಲ್ಕು ಕೊರೆತಗಳೇ ನನ್ನ ಸಿಲಿಂಡರುಗಳು. ಒಂದೊಂದರಲ್ಲೂ ಒಂದೊಂದು ಪಿಸ್ಟನ್ ಇಳಿಸಿ, ಕೆಳಗೆ ಕ್ರ್ಯಾಂಕಿಗೆ ಬಿಗಿದು, ಮೇಲೆ ತಲೆ ಮುಚ್ಚಿದಾಗ ನಾನೊಂದು ಡೀಸೆಲ್ ಎಂಜಿನ್ ಆದೆ. ಪಿಕಪ್ ಗಾಡಿಯೊಂದರ ಬಾನೆಟ್ಟಿನ ಕೆಳಗೆ ನನ್ನನ್ನು ಕೂಡಿಸಿದರು. ಕೀಲಿ ತಿರುಗಿಸಿದ ಮೊದಲ ಸಲವೇ ಹೊತ್ತಿಕೊಂಡೆ. ಪಕ್ಕದಲ್ಲಿದ್ದವನು ಕಿವಿಗೊಟ್ಟು ಕೇಳಿ, ಸರಿ ಎಂದು ತಲೆಯಾಡಿಸಿ ಮುಂದಿನ ಗಾಡಿಗೆ ಹೋದ.

ನನ್ನನ್ನು ಕೊಂಡವನು ಚನ್ನವೀರಯ್ಯ. ಸಿಂಧನೂರಿನ ಹತ್ತಿರ ಅವನದೊಂದು ಅಕ್ಕಿ ಗಿರಣಿ ಇತ್ತು. ಅದಕ್ಕೂ ಮೊದಲು ಅವನ ಬಳಿ ಎರಡು ಸಿಲಿಂಡರಿನ ಸಣ್ಣ ಗಾಡಿ ಇತ್ತಂತೆ. ಏರು ಬಂದರೆ ಅದು ಮೈಯೆಲ್ಲ ನಡುಗಿಸಿ ನಿಂತುಬಿಡುತ್ತಿತ್ತು. ಚೀಲ ಇಳಿಸಿ, ಗಾಡಿ ಹತ್ತಿಸಿ, ಮತ್ತೆ ಚೀಲ ಹೇರಬೇಕಾಗುತ್ತಿತ್ತು. ಆ ಸಿಟ್ಟನ್ನೆಲ್ಲ ಅವನು ನನ್ನ ಮೇಲೆ ತೀರಿಸಿಕೊಂಡ. ಮೊದಲ ತಿಂಗಳು ಕಂಪನಿ ಹೇಳಿದಷ್ಟೇ ಭಾರ ಹಾಕಿದ. ಎರಡನೆಯ ತಿಂಗಳು ಅದರ ಮೇಲೆ ಒಂದು ಸಾಲು ಚೀಲ ಹೆಚ್ಚಿಗೆ ಬಿತ್ತು. ನಾನು ಎಳೆದೆ. ಇನ್ನೊಂದು ಸಾಲು ಬಿತ್ತು. ಅದನ್ನೂ ಎಳೆದೆ. ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಬಾಗಿದಾಗ ಚನ್ನವೀರಯ್ಯ ಕಮ್ಮಾರನ ಕಡೆ ಹೋಗಿ ಇನ್ನೆರಡು ಪಟ್ಟಿ ಸೇರಿಸಿಕೊಂಡು ಬಂದ. ಬ್ರೇಕು ಮಾತ್ರ ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೆಯೇ ಉಳಿಯಿತು.

ಆಗ ಗಾಡಿ ಓಡಿಸುತ್ತಿದ್ದವನು ಮೌನೇಶ. ಕೆಂಚದಿನ್ನಿ ಎಂಬ ಊರಿನವನು, ಬಡಿಗೇರರ ಮನೆತನ. ಮರಗೆಲಸ ಬಿಟ್ಟು ಸ್ಟೇರಿಂಗ್ ಹಿಡಿದಿದ್ದ. ಮನುಷ್ಯರನ್ನು ನಾನು ಅರಿತದ್ದು ಅವರ ಪಾದದಿಂದ. ಚನ್ನವೀರಯ್ಯ ಪೆಡಲನ್ನು ತುಳಿಯುತ್ತಿದ್ದ, ಮೌನೇಶ ಒತ್ತುತ್ತಿದ್ದ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತು, ಹೆಬ್ಬೆರಳಿನ ಬುಡದಿಂದ ನನ್ನ ಉಸಿರನ್ನು ಅಳೆಯುತ್ತಿದ್ದ. ಗೇರ್ ಬದಲಿಸಬೇಕಾದ ಹೊತ್ತು ನನಗೆ ಗೊತ್ತಾಗುವಾಗಲೇ ಅವನಿಗೂ ಗೊತ್ತಾಗುತ್ತಿತ್ತು.

ಒಂದು ಮಳೆಗಾಲದಲ್ಲಿ ಭತ್ತ ತುಂಬಿದ ಟ್ರ್ಯಾಕ್ಟರ್ ಟ್ರೇಲರೊಂದು ಎರೆ ಮಣ್ಣಿನಲ್ಲಿ ಅಚ್ಚಿನವರೆಗೂ ಹೂತಿತು. ಟ್ರ್ಯಾಕ್ಟರ್ ತಾನೇ ಜಾರುತ್ತಿತ್ತು. ಮೌನೇಶ ಗಾಡಿಯನ್ನು ಗಟ್ಟಿ ದಾರಿಯ ಮೇಲೆ ನಿಲ್ಲಿಸಿ ಹಗ್ಗ ಕಟ್ಟಿದ. ಮೊದಲ ಗೇರಿನಲ್ಲಿ, ಅವಸರವಿಲ್ಲದೆ, ನನ್ನ ನಾಲ್ಕು ಪಿಸ್ಟನ್‌ಗಳೂ ಒಂದರ ಹಿಂದೊಂದು ಹೆಗಲು ಕೊಟ್ಟವು. ಮಣ್ಣು ಬಿಟ್ಟುಕೊಟ್ಟಿತು. ಟ್ರೇಲರ್ ಮೇಲೆ ಬಂದಾಗ ಸುತ್ತಲಿದ್ದವರು ಬಾನೆಟ್ಟನ್ನು ತಟ್ಟಿದರು. ಮೌನೇಶನ ಗಾಡಿ ನಿಲ್ಲುವುದಿಲ್ಲ ಎಂಬ ಮಾತು ಅಂದಿನಿಂದ ಹಬ್ಬಿತು.

ಚನ್ನವೀರಯ್ಯ ದೊಡ್ಡ ಲಾರಿ ಕೊಂಡಾಗ ಗಾಡಿಯನ್ನು ಮೌನೇಶನಿಗೇ ಕೊಟ್ಟ. ಮೌನೇಶ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೆಣ್ಣುಮಕ್ಕಳನ್ನು ದೂರದ ಹೊಲಗಳಿಗೆ ಒಯ್ಯುವ ಕೆಲಸ ಹಿಡಿದ. ಚೀಲ ಹೇರುತ್ತಿದ್ದ ಜಾಗದಲ್ಲಿ ಮಂದಿ ಕೂತರು. ಮಾತು, ನಗು, ಜಗಳ, ಬುತ್ತಿಯ ಗಂಟು, ಬೆನ್ನಿಗೆ ಕಟ್ಟಿದ ಕೂಸುಗಳು. ಚೀಲದ ಭಾರ ಕೂತಲ್ಲೇ ಕೂತಿರುತ್ತದೆ. ಮಂದಿಯ ಭಾರ ಹಾಗಲ್ಲ, ಅದು ವಾಲುತ್ತದೆ, ತಿರುಗುತ್ತದೆ, ನಕ್ಕಾಗ ಅಲುಗುತ್ತದೆ. ಅದನ್ನು ನಾನು ಆಗ ಕಲಿತೆ.

ಆ ಹೆಣ್ಣುಮಕ್ಕಳ ಗುಂಪಿಗೆ ಮುಂದಾಳು ಹುಲಿಗೆಮ್ಮ. ಯಾವ ಹೊಲಕ್ಕೆ ಎಷ್ಟು ಮಂದಿ ಬೇಕು ಎಂದು ಮಾತಾಡಿಕೊಂಡು ಬರುವವಳು, ಮನೆಮನೆಯ ಬಾಗಿಲು ಬಡಿದು ಎಬ್ಬಿಸುವವಳು ಅವಳೇ. ದನಿ ದೊಡ್ಡದು. ನಾನು ಎಷ್ಟೇ ಗದ್ದಲ ಮಾಡಿದರೂ ಅವಳ ಮಾತು ಕೇಳುತ್ತಿತ್ತು. ಅವಳ ತಂಗಿ ಯಂಕಮ್ಮನಿಗೆ ಹಿಂದೆ ಕೂತರೆ ತಲೆ ತಿರುಗುತ್ತಿತ್ತು. ಅದಕ್ಕೆ ಕ್ಯಾಬಿನ್ನಿನಲ್ಲಿ ಮೌನೇಶನ ಪಕ್ಕದ ಸೀಟು ಅವಳದೇ ಎಂದಾಗಿತ್ತು. ಆಕೆಯದು ಮಾತು ಕಡಿಮೆ. ಚಳಿಗಾಲದಲ್ಲಿ ನನ್ನ ಬಿಸಿ ತಗಲಲೆಂದು ಕಾಲನ್ನು ಮುಂದಕ್ಕೆ ಚಾಚಿ ಕೂರುತ್ತಿದ್ದಳು.

ಬೇರೆ ಗಾಡಿಗಳು ದಾರಿಯಲ್ಲಿ ಕೆಡುತ್ತಿದ್ದವು. ತಡವಾಗಿ ಹೋದವರನ್ನು ಹೊಲದವರು ಬದುವಿನಿಂದಲೇ ವಾಪಸು ಕಳಿಸುತ್ತಿದ್ದರು. ನಮ್ಮ ಗಾಡಿ ಒಂದು ದಿನವೂ ತಡಮಾಡಲಿಲ್ಲ. ಆದ್ದರಿಂದ ವರ್ಷ ವರ್ಷವೂ ನಮ್ಮ ಗಾಡಿಗೆ ಬರುವವರು ಹೆಚ್ಚಾದರು. ಮೌನೇಶ ಹಿಂದೆ ಕಬ್ಬಿಣದ ಸರಳಿನ ಕಟಾಂಜನ ಏರಿಸಿದ. ಕೂತವರ ನಡುವೆ ನಿಂತವರಿಗೂ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ. ಹತ್ತಿ ಒಡೆದಿತ್ತು, ಎಲ್ಲ ಹೊಲದಲ್ಲೂ ಆಳಿಗೆ ಕರೆ. ಕಾಲುವೆಯ ಏರು ಇನ್ನೂ ಸ್ವಲ್ಪ ದೂರವಿರುವಾಗ ದಾರಿಯ ಬದಿಯಲ್ಲಿ ಟೆಂಪೋ ಒಂದು ಕೆಟ್ಟು ನಿಂತಿತ್ತು. ಅದರಲ್ಲಿ ಬಂದಿದ್ದ ಹೆಣ್ಣುಮಕ್ಕಳು ಬುತ್ತಿ ಹಿಡಿದು ಬಿಸಿಲಿಗೆ ನಿಂತಿದ್ದರು. ಪಕ್ಕದೂರಿನವರು, ಹುಲಿಗೆಮ್ಮನಿಗೆ ಎಲ್ಲರ ಮುಖ ಪರಿಚಯ. ಅವಳು ಕ್ಯಾಬಿನ್ನಿನ ತಗಡು ಬಡಿದಳು. ಮೌನೇಶ ನಿಲ್ಲಿಸಿದ.

"ಇವರನ್ನೂ ಹತ್ತಿಸಿಕೊಳ್ಳೋ ತಮ್ಮ," ಎಂದಳು.

"ಆಗಂಗಿಲ್ಲಬೇ ಯಕ್ಕಾ. ಆಗ್ಲೇ ತುಂಬೈತಿ."

"ತಡ ಆದ್ರ ಇವರನ್ನ ಹೊಲದಾಗ ನಿಲ್ಲಗೊಡಂಗಿಲ್ಲ. ಎಲ್ಲಾರೂ ಒಂದ ಕಡೆ ಹೋಗಾರು. ನಿನ್ನ ಗಾಡಿ ಎಷ್ಟು ಹೇರಿದ್ರೂ ಎಳೀತೈತಿ ಅಂತ ನೀನ ಹೇಳ್ತಿದ್ದಿ."

ಮೌನೇಶನ ಪಾದ ಪೆಡಲಿನ ಮೇಲೆ ಅತ್ತಿತ್ತ ಸರಿಯಿತು. ನಾನು ನಿಂತಲ್ಲೇ ಮೆತ್ತಗೆ ತಿರುಗುತ್ತಿದ್ದೆ, ಒಂದು ಬಡಿತವೂ ತಪ್ಪಿರಲಿಲ್ಲ. ನಾನು ಆಗ ಒಂದು ಸಲ ಕೆಮ್ಮಿದ್ದರೆ, ಹೊಗೆ ಉಗುಳಿದ್ದರೆ, ಅವನಿಗೆ ಬೇಡ ಎನ್ನಲು ಒಂದು ನೆಪ ಸಿಗುತ್ತಿತ್ತೇನೋ. ಎಂಜಿನ್ನಿಗೆ ಅಂಥದ್ದೆಲ್ಲ ಬರುವುದಿಲ್ಲ.

"ಹತ್ರಿ. ಗಟ್ಟ್ಯಾಗಿ ಹಿಡಕೊಳ್ರಿ," ಎಂದ.

ಹೊಸಬರಲ್ಲಿ ಒಬ್ಬ ಮುದುಕಿ ಇದ್ದಳು. ಕಟಾಂಜನ ಹತ್ತಲು ಕಾಲು ಏಳುತ್ತಿರಲಿಲ್ಲ. ಯಂಕಮ್ಮ ಬಾಗಿಲು ತೆಗೆದು ಇಳಿದಳು.

"ನೀ ಇಲ್ಲಿ ಕುಂದ್ರಬೇ ಆಯಿ. ಇನ್ನೇನು ಬಂದೇ ಬಿಡ್ತು ಹೊಲ," ಎಂದು ಹೇಳಿ ಹಿಂದಕ್ಕೆ ಹೋಗಿ ಅಕ್ಕನ ಪಕ್ಕ ನಿಂತಳು.

ಗಾಡಿ ಹೊರಟಿತು. ಹಿಂದಿನ ಭಾರಕ್ಕೆ ಮುಂದಿನ ಚಕ್ರಗಳು ಹಗುರಾದವು. ಆದರೂ ಕಾಲುವೆಯ ಏರಿಯನ್ನು ಎರಡನೆಯ ಗೇರಿನಲ್ಲೇ ಹತ್ತಿದೆ. ಮೌನೇಶ ಪಕ್ಕದ ಮುದುಕಿಗೆ, "ನೋಡಿದೇನಬೇ, ಏರು ಹತ್ತಿದ್ದು ಗೊತ್ತಾತೇನು?" ಎಂದ. ಅವನ ದನಿಯಲ್ಲಿ ಹೆಮ್ಮೆ ಇತ್ತು.

ಕಾಲುವೆಯ ಸೇತುವೆ ದಾಟಿದರೆ ಇಳಿಜಾರು. ಇಳಿಜಾರಿನ ಬುಡದಲ್ಲಿ ದಾರಿ ಎಡಕ್ಕೆ ಹೊರಳುತ್ತದೆ. ಆ ತಿರುವಿನಲ್ಲಿ ಅಂದು ಕುರಿ ಮಂದೆಯೊಂದು ದಾಟುತ್ತಿತ್ತು. ಮೌನೇಶ ಬ್ರೇಕ್ ಒತ್ತಿದ. ಗಾಡಿ ಕೊಂಚ ತಡೆದಂತಾಗಿ ಮತ್ತೆ ಓಡಿತು. ಅವನು ಇನ್ನೂ ಬಲವಾಗಿ ಒತ್ತಿದ. ಸುಟ್ಟ ವಾಸನೆ ನನ್ನವರೆಗೂ ಬಂತು. ಆಗ ಅವನು ನನ್ನ ಮೇಲೆ ಭಾರ ಹಾಕಿದ. ಗೇರು ಇಳಿಸಿದ, ಮತ್ತೆ ಇಳಿಸಿದ. ನಾನು ಕಿರುಚಿಕೊಂಡೆ, ಹಲ್ಲು ಕಚ್ಚಿ ಹಿಡಿದೆ. ಏರಿನಲ್ಲಿ ಎಷ್ಟು ಭಾರವನ್ನಾದರೂ ಎಳೆಯುತ್ತಿದ್ದ ನನಗೆ ಇಳಿಜಾರಿನಲ್ಲಿ ಅದೇ ಭಾರವನ್ನು ತಡೆದು ನಿಲ್ಲಿಸಲು ಆಗಲಿಲ್ಲ. ಮೌನೇಶ ಕುರಿಗಳನ್ನು ತಪ್ಪಿಸಿ ಎಡಕ್ಕೆ ತಿರುಗಿಸಿದ. ಹಿಂದೆ ನಿಂತಿದ್ದವರೆಲ್ಲ ಒಮ್ಮೆಗೇ ಬಲಕ್ಕೆ ವಾಲಿದರು. ಚಕ್ರಗಳು ನೆಲ ಬಿಟ್ಟವು. ಗಾಡಿ ಮಗ್ಗುಲಾಗಿ ಗದ್ದೆಯ ಬದುವಿಗೆ ಬಿತ್ತು.

ನಾನು ಓಡುತ್ತಲೇ ಇದ್ದೆ.

ಇದನ್ನು ಹೇಳುವುದು ಕಷ್ಟ. ಗಾಡಿ ಬಿದ್ದಿತ್ತು, ಗಾಜು ಒಡೆದಿತ್ತು, ಕಟಾಂಜನ ನುಗ್ಗಾಗಿತ್ತು, ಆದರೆ ನನಗೆ ಏನೂ ಆಗಿರಲಿಲ್ಲ. ಮೌನೇಶನ ಕಾಲು ಪೆಡಲಿನಿಂದ ತಪ್ಪಿದ ಮೇಲೂ ಚಕ್ರಗಳು ಗಾಳಿಯಲ್ಲಿ ಗಿರಗಿರ ತಿರುಗುತ್ತಿದ್ದವು. ಅಡ್ಡಬಿದ್ದಾಗ ಎಣ್ಣೆ ಒಂದು ಕಡೆಗೆ ಸರಿದು ನನ್ನ ಸದ್ದು ಮೊದಲಿಗಿಂತ ದೊಡ್ಡದಾಗಿತ್ತು. ಹೊಲದಿಂದ ಗಂಡಸರು ಓಡಿಬಂದರು. ಕುರಿ ಕಾಯುವವನು ಬಂದ. ಯಾರೋ ಕೆಳಗೆ ಸಿಕ್ಕಿದ್ದಾರೆ ಎಂದು ಒಬ್ಬ ಕೂಗಿದ. ಎಲ್ಲಿ ಎಂದು ಇನ್ನೊಬ್ಬ. ನನ್ನ ಸದ್ದಿನಲ್ಲಿ ಅವರಿಗೆ ಏನೂ ಕೇಳುತ್ತಿರಲಿಲ್ಲ. ಅವರು ಹಿಂದಿನ ಬಾಗಿಲ ಕಡೆ ಹುಡುಕಿದರು, ಅಲ್ಲಿ ಬರಿಯ ಗಂಟುಗಳಿದ್ದವು.

ಮೌನೇಶ ಹೊರಗೆ ಎಸೆಯಲ್ಪಟ್ಟಿದ್ದ. ಬಲಗೈ ಮುರಿದು ಜೋತಾಡುತ್ತಿತ್ತು. ಅವನು ತೆವಳಿಕೊಂಡು ಬಂದು, ಮುಂದಿನ ಗಾಜಿನ ಚೂರುಗಳ ಮೇಲೆಯೇ ಎದೆ ಊರಿ ಒಳಗೆ ನುಗ್ಗಿ, ಎಡಗೈಯಿಂದ ಕೀಲಿ ತಿರುಗಿಸಿದ. ನಾನು ನಿಂತೆ. ಆಗಷ್ಟೇ ಎಲ್ಲರಿಗೂ ಆ ದನಿ ಕೇಳಿಸಿತು. ದೊಡ್ಡ ದನಿಯ ಹುಲಿಗೆಮ್ಮ ಸಣ್ಣಗೆ ಹೇಳುತ್ತಿದ್ದಳು: "ಇಲ್ಲೇ ಅದೀನಿ. ಇಲ್ಲೇ ಅದೀನಿ. ಯಂಕಿ ಮಾತಾಡವಲ್ಲಳು, ನೋಡ್ರಿ."

ಎಲ್ಲರೂ ಸೇರಿ ಗಾಡಿ ಎತ್ತಿದರು. ಹುಲಿಗೆಮ್ಮ ಬದುಕಿದಳು, ಒಂದು ಕಾಲು ಹೋಯಿತು. ಯಂಕಮ್ಮ ಮತ್ತು ಇನ್ನೂ ನಾಲ್ವರು ಬದುಕಲಿಲ್ಲ. ಕ್ಯಾಬಿನ್ನಿನಲ್ಲಿ ಕೂತಿದ್ದ ಮುದುಕಿಗೆ ಹಣೆಯಲ್ಲಿ ಒಂದು ಗೀರು, ಅಷ್ಟೇ. ಅವಳು ಬದುವಿನ ಮೇಲೆ ಕೂತು, ಆ ಹುಡುಗಿ ಎಲ್ಲಿ, ನನಗೆ ಜಾಗ ಬಿಟ್ಟುಕೊಟ್ಟ ಹುಡುಗಿ ಎಲ್ಲಿ ಎಂದು ಬಂದವರನ್ನೆಲ್ಲ ಕೇಳುತ್ತಿದ್ದಳು.

ಆಮೇಲೆ ಪೊಲೀಸ್ ಠಾಣೆಯ ಹಿಂದಿನ ಅಂಗಳ. ಬೇವಿನ ಮರದ ಕೆಳಗೆ ಬಹಳ ಕಾಲ ಬಿದ್ದಿದ್ದೆ. ಎಲೆ ಉದುರಿ ಬಾನೆಟ್ಟಿನ ಮೇಲೆ ಕೊಳೆತವು, ಟೈರು ಸೀಳಿಹೋದವು, ಸೀಟಿನೊಳಗೆ ಇಲಿ ಗೂಡು ಮಾಡಿತು. ಒಂದು ದಿನ ಗಾಡಿ ತಪಾಸಣೆಯ ಅಧಿಕಾರಿ ಬಂದು ಹೊಸ ಬ್ಯಾಟರಿ ಹಚ್ಚಿಸಿ ಕೀಲಿ ತಿರುಗಿಸಿದರು. ಹೊತ್ತಿಕೊಂಡೆ. ಎಂಜಿನ್ನಿನಲ್ಲಿ ದೋಷವಿಲ್ಲ ಎಂದು ಅವರು ಜೋರಾಗಿ ಹೇಳಿ ಬರೆಸಿದರು.

ಅಂದೇ ಮೌನೇಶನನ್ನೂ ಹುಲಿಗೆಮ್ಮನನ್ನೂ ಕರೆಸಿದ್ದರು. ಮೌನೇಶ ಕೆಲ ಕಾಲ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದಿದ್ದ. ಬಲಗೈ ಮೊಣಕೈಯಿಂದಾಚೆ ನೆಟ್ಟಗಾಗುತ್ತಿರಲಿಲ್ಲ. ಹುಲಿಗೆಮ್ಮ ಕಂಕುಳಲ್ಲಿ ಕೋಲು ಇಟ್ಟುಕೊಂಡು ಬಂದಳು. ಬೇವಿನ ನೆರಳಿನಲ್ಲಿ, ನನ್ನ ಆಚೆ ಅವಳು, ಈಚೆ ಅವನು.

ಮೊದಲು ಅವಳೇ ಮಾತಾಡಿದಳು. "ನೀ ಒಲ್ಲೆ ಅಂದಿದ್ದಿ. ಹತ್ತಿಸಿಕೋ ಅಂದಾಕಿ ನಾನು. ಒಳಗ ಸಾಹೇಬರಿಗೂ ಅದನ್ನ ಹೇಳೀನಿ."

"ಯಾಕ ಹೇಳಿದಿ? ಸ್ಟೇರಿಂಗ್ ನನ್ನ ಕೈಯಾಗಿತ್ತು."

"ಅದನ್ನೂ ಹೇಳೀನಿ."

ಮೌನೇಶ ತಲೆ ತಗ್ಗಿಸಿದ. "ಯಂಕಮ್ಮನ ಹುಡುಗರು ಎಲ್ಲಿ ಅದಾರ?"

"ನನ್ನ ಹಂತೇಕ. ಸಣ್ಣದು ಇನ್ನೂ ದಾರಿ ಕಾಯತೈತಿ. ಗಾಡಿ ಸಪ್ಪಳಾದ್ರ ಓಡಿ ಹೋಗಿ ಬಾಗಲದಾಗ ನಿಂದರತೈತಿ."

ಅವನು ಬಂದು ಬಾನೆಟ್ಟಿನ ಮೇಲೆ ಕೈ ಇಟ್ಟ. ಇನ್ನೂ ಬಿಸಿಯಿದ್ದೆ. ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆ ತೆಗೆದುಕೊಂಡ.

ಮೊಕದ್ದಮೆ ಮುಗಿಯಿತು. ಅವನಿಗೆ ಶಿಕ್ಷೆಯಾಯಿತು, ಅನುಭವಿಸಿ ಬಂದ. ಗಾಡಿಯನ್ನು ಹರಾಜು ಹಾಕಿದರು. ಕೊಂಡವನು ಅದೇ ಕಾಲುವೆಯ ದಾರಿಯಲ್ಲಿ ಗುಜರಿ ಇಟ್ಟಿದ್ದ ಲಾಲಸಾಬ. ಅವನು ಮೈಯ ತಗಡನ್ನೆಲ್ಲ ಕತ್ತರಿಸಿ ತೂಕಕ್ಕೆ ಹಾಕಿದ, ನನ್ನನ್ನು ಮಾತ್ರ ಬಿಚ್ಚಿ ಮರದ ತೊಲೆಗಳ ಮೇಲೆ ಇಟ್ಟು ಟಾರ್ಪಾಲು ಮುಚ್ಚಿದ. ಜೀವ ಇರುವ ಎಂಜಿನ್ನನ್ನು ಕೊಳ್ಳುವವರು ಬಂದೇ ಬರುತ್ತಾರೆಂದು ಅವನಿಗೆ ಗೊತ್ತಿತ್ತು. ಗುಜರಿಯ ಎದುರಿಗೇ ಒಂದು ಪಂಕ್ಚರ್ ಅಂಗಡಿ. ಲೈಸೆನ್ಸ್ ಕಳೆದುಕೊಂಡ ಮೌನೇಶ ಅಲ್ಲಿ ಗಾಳಿ ಹಾಕುವ ಕೆಲಸಕ್ಕೆ ಸೇರಿದ್ದ. ನಾನಿಲ್ಲಿರುವುದು ಅವನಿಗೆ ಗೊತ್ತಿತ್ತು. ಒಮ್ಮೆಯೂ ದಾರಿ ದಾಟಿ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಅಮರೇಗೌಡ ಎಂಬ ಗುತ್ತಿಗೆದಾರ ಬಂದ. ಅವನ ಪಿಕಪ್ಪಿನ ಎಂಜಿನ್ ಸತ್ತಿತ್ತು. ಲಾಲಸಾಬ ಬ್ಯಾಟರಿ ಕೊಟ್ಟು ನನ್ನನ್ನು ತಿರುಗಿಸಿದ. ಇಷ್ಟು ದಿನದ ಮೇಲೂ ಒಂದೇ ಸಲಕ್ಕೆ ಎದ್ದೆ. ಗೌಡನಿಗೆ ಸಂತೋಷವಾಯಿತು.

"ಭಾರ ಹೆಂಗ ತಗೋತೈತಿ?" ಎಂದು ಕೇಳಿದ.

"ಇದನ್ನ ಓಡಿಸಿದಾಂವ ಇಲ್ಲೇ ಅದಾನ. ಅವನ್ನ ಕೇಳ್ರಿ," ಎಂದು ಲಾಲಸಾಬ ಕೈ ಬೀಸಿ ಮೌನೇಶನನ್ನು ಕರೆದ. ಮೌನೇಶ ಕೈ ಒರೆಸಿಕೊಳ್ಳುತ್ತ ದಾರಿ ದಾಟಿ ಬಂದ.

"ಏನು ಹೇರತೀರಿ?" ಎಂದು ಗೌಡನನ್ನೇ ಕೇಳಿದ.

"ಮಂದೀನ. ಹತ್ತಿ ಬಿಡಸಾಕ."

"ಹಂಗಾರ ಕೇಳ್ರಿ. ಎಷ್ಟು ಹಾಕಿದ್ರೂ ಇದು ಎಳೀತೈತಿ. ನನಗೂ ಎಳೀತು. ಕಾಲುವಿ ಇಳಿಜಾರದಾಗ ಐದು ಮಂದಿ ಸತ್ರು. ಎಂಜಿನ್ ಚಲೋ ಐತಿ ಅಂತ ಮಂದಿ ಹತ್ತಿಸಿದೆ, ಬ್ರೇಕ್ ಅಷ್ಟು ಭಾರ ಹೊರಲಿಲ್ಲ. ನೀವು ತಗೊಂಡ್ರ ಮಂದಿ ಕಡಿಮಿ ಹತ್ತಿಸ್ರಿ. ನಿಂದರಿಸಿ ಒಯ್ಯಬ್ಯಾಡ್ರಿ."

ಅಮರೇಗೌಡನ ಮುಖ ಬದಲಾಯಿತು. ಎರಡು ಹೆಜ್ಜೆ ಹಿಂದೆ ಸರಿದ. "ಆ ಕಾಲುವಿ ಗಾಡೀದಾ ಇದು?" ಎಂದು ಲಾಲಸಾಬನ ಕಡೆ ತಿರುಗಿದ. "ಹೆಣ ಬಿದ್ದ ಎಂಜಿನ್ ತೋರಸ್ತೀಯಲ್ಲೋ ನನಗ. ಅಪಶಕುನ. ಬ್ಯಾಡ ಬ್ಯಾಡ."

"ಎಂಜಿನ್ದು ತಪ್ಪಿಲ್ಲರಿ ಗೌಡ್ರ," ಎಂದ ಮೌನೇಶ. "ನಾ ಹೇಳಾಕ ಹತ್ತಿದ್ದು ಬ್ಯಾರೆ. ಬ್ಯಾರೆ ಎಂಜಿನ್ ತಗೊಂಡ್ರೂ ಅದ ಮಾತು. ಬ್ರೇಕ್ ನೋಡಿಸ್ರಿ, ಮಂದಿ..."

ಗೌಡ ಕೇಳುತ್ತಿರಲಿಲ್ಲ. ಚಪ್ಪಲಿ ಸದ್ದು ಮಾಡುತ್ತ ಪಕ್ಕದ ಗುಜರಿಗೆ ನಡೆದ. ಸ್ವಲ್ಪ ಹೊತ್ತಿಗೆ ಅಲ್ಲಿ ಇನ್ನೊಂದು ಎಂಜಿನ್ ಹೊತ್ತಿಕೊಂಡ ಸದ್ದು ಬಂತು. ಮೌನೇಶ ಅದನ್ನು ಕೇಳುತ್ತ ನಿಂತಿದ್ದ. ಲಾಲಸಾಬ ಅವನನ್ನು ಬೈದ, ಬೈದು ಸಾಕಾಗಿ ಟಾರ್ಪಾಲು ಎಳೆದ.

ಸುದ್ದಿ ಹಬ್ಬಿತು. ಆಮೇಲೆ ಯಾರೂ ನನ್ನನ್ನು ಕೇಳಿಕೊಂಡು ಬರಲಿಲ್ಲ. ಮಳೆ ನೀರು ಟಾರ್ಪಾಲಿನ ತೂತಿನಿಂದ ಇಳಿದು ಸಿಲಿಂಡರುಗಳನ್ನು ಸೇರಿದೆ. ಪಿಸ್ಟನ್‌ಗಳು ತುಕ್ಕಿನಲ್ಲಿ ಕಚ್ಚಿಕೊಂಡಿವೆ. ಇನ್ನು ಯಾರು ಎಷ್ಟು ತಿರುಗಿಸಿದರೂ ನಾನು ಏಳಲಾರೆ. ನನ್ನನ್ನು ಅಪಶಕುನ ಎಂದದ್ದಕ್ಕೆ ದುಃಖವಿಲ್ಲ. ಮೌನೇಶ ಹೇಳಿದ್ದರಲ್ಲಿ ಅವರು ಅಷ್ಟನ್ನು ಮಾತ್ರ ತೆಗೆದುಕೊಂಡು ಹೋದರಲ್ಲ ಎಂಬುದೇ ಮನಸ್ಸಿನಲ್ಲಿ ಉಳಿದಿದೆ.

ಹತ್ತಿಯ ಕಾಲ ಬಂದಿದೆ. ಬೆಳಗಾದರೆ ಗುಜರಿಯ ಮುಂದಿನ ದಾರಿಯಲ್ಲಿ ಗಾಡಿಗಳು ಹೋಗುತ್ತವೆ. ಎಂಜಿನ್ನಿನ ದನಿ ಕೇಳಿದರೆ ಹಿಂದೆ ಎಷ್ಟು ಭಾರವಿದೆ ಎಂದು ನನಗೆ ತಿಳಿಯುತ್ತದೆ. ಇವತ್ತು ಅಮರೇಗೌಡನ ಪಿಕಪ್ ಹೋಯಿತು. ಒಳಗೆ ಯಾರೋ ನಗುತ್ತಿದ್ದರು, ಒಂದು ಕೂಸು ಅಳುತ್ತಿತ್ತು. ಗಾಳಿ ಹಾಕುತ್ತಿದ್ದ ಮೌನೇಶ ಎದ್ದು ದಾರಿಯ ನಡುವೆ ಬಂದು, ಮೆಲ್ಲಗೆ ಹೋಗುವಂತೆ ಆ ಸೊಟ್ಟ ಕೈ ಬೀಸಿದ. ಗಾಡಿ ಅವನನ್ನು ಬಳಸಿಕೊಂಡು ಮುಂದೆ ಹೋಯಿತು. ದನಿ ಬಹಳ ಭಾರವಾಗಿತ್ತು. ಅದೂ ನಾಲ್ಕು ಸಿಲಿಂಡರಿನದೇ. ಕಾಲುವೆಯ ಏರು ಹತ್ತುವವರೆಗೂ ಕಿವಿಗೊಟ್ಟು ಕೇಳಿದೆ. ಎಲ್ಲೂ ತಡವರಿಸಲಿಲ್ಲ.